ಕಪ್ಪತಗುಡ್ಡದ ಬೆಂಕಿ ಆರಿದ ಮೇಲೆ ದುಡ್ಡು ಎಲ್ಲಿ?

ಬೇಸಿಗೆ ಬಂತಂದ್ರೆ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಬೆಂಕಿ ಬಿದ್ದ ವಿಡಿಯೊ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತದೆ. ಯಾರು ಹಚ್ಚಿದರು ಅಂತ ಬೈತೀವಿ. ಬೆಂಕಿ ಆರಿದ ಮರುದಿನ ಮಾತೂ ನಿಲ್ಲುತ್ತದೆ. ನನ್ನ ತಕರಾರು ಶುರುವಾಗುವುದೇ ಆಮೇಲೆ.

ಸುಟ್ಟ ಗುಡ್ಡದ ಮಣ್ಣು ಕೊಚ್ಚಿ ಹೋಗದಂತೆ ತಡೆಯಲು ದುಡ್ಡು ಬೇಕಾಗುವುದು ಬೆಂಕಿ ಆರಿದ ದಿನದಿಂದ ಜೂನ್‌ನ ಮಿರ್ಗದ ಮಳೆ ಬೀಳುವವರೆಗೆ. ಆದರೆ ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಳೇ ವರ್ಷದ ಅನುದಾನ ಖರ್ಚಾಗಿರುತ್ತದೆ, ಇಲ್ಲಾ ವಾಪಸ್ ಹೋಗಿರುತ್ತದೆ. ಹೊಸದು ಮಂಜೂರಾಗಿ, ಕಂತು ಬಿಡುಗಡೆಯಾಗಿ, ಕೆಳಗಿನ ಆಫೀಸಿಗೆ ಇಳಿಯಬೇಕು. ಮಳೆ ಅಷ್ಟು ದಿನ ಕಾಯುತ್ತಾ?

ಬೆಂಕಿ ಬಿದ್ದ ವರ್ಷ ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಕರಿ ನೀರು ಬರುತ್ತದೆ. ನೀರು ಇಳಿದ ಮೇಲೆ ಬುಡದ ಹೊಲಗಳ ಒಡ್ಡಿನ ಪಕ್ಕ ಗರಸು, ಇದ್ದಿಲ ಚೂರು, ಅರ್ಧ ಸುಟ್ಟ ಹುಲ್ಲಿನ ಬುಡ ಕೂತಿರುತ್ತದೆ. ಗುಡ್ಡದ ಮಣ್ಣು ಮೊದಲೇ ತೆಳು. ಅದೂ ಹೋದರೆ ಉಳಿಯುವುದು ಕಲ್ಲು.

ದುಡ್ಡು ಬರುವ ದಾರಿ ಇಲ್ಲ ಅಂತಲ್ಲ. ಕಾಡ್ಗಿಚ್ಚು ತಡೆಯಲು ಕೇಂದ್ರದ ಯೋಜನೆ ಇದೆ, ನಮ್ಮಂಥ ರಾಜ್ಯಕ್ಕೆ ನೂರರಲ್ಲಿ 60 ಕೇಂದ್ರದ್ದು, 40 ರಾಜ್ಯದ್ದು. ಕ್ಯಾಂಪಾ ನಿಧಿ ಇದೆ, ಅಂದ್ರೆ ಕಾಡಿನ ಜಾಗವನ್ನು ಬೇರೆ ಕೆಲಸಕ್ಕೆ ಕೊಟ್ಟಾಗ ಪರಿಹಾರವಾಗಿ ಕಟ್ಟಿಸಿಕೊಂಡ ದುಡ್ಡು. 2019ರಲ್ಲಿ ಕೇಂದ್ರ ಆ ಲೆಕ್ಕದಲ್ಲಿ ರಾಜ್ಯಗಳಿಗೆ 47 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಕೊಟ್ಟಿತು. ಇನ್ನು ವಿಪತ್ತು ನಿಧಿ. 15ನೇ ಹಣಕಾಸು ಆಯೋಗ ಅದರಲ್ಲಿ ನೂರಕ್ಕೆ 30 ರೂಪಾಯಿಯನ್ನು ಚೇತರಿಕೆ ಮತ್ತು ಪುನರ್ನಿರ್ಮಾಣಕ್ಕೆಂದೇ ಎತ್ತಿಟ್ಟಿತ್ತು. ಚೇತರಿಕೆ ಅಂದಕೂಡಲೇ ನಮ್ಮ ತಲೆಗೆ ಬರುವುದು ಬಿದ್ದ ಮನೆ, ಕಿತ್ತ ರಸ್ತೆ. ಸುಟ್ಟ ಗುಡ್ಡವೂ ನಮ್ಮೆಲ್ಲರ ಆಸ್ತಿನೇ ಅಲ್ವಾ? ಗದಗಿನ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತು, ಜನ ಬೀದಿಗಿಳಿದು ಗಣಿಗಾರಿಕೆಯಿಂದ ಉಳಿಸಿಕೊಂಡ ಗುಡ್ಡ ಇದು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವೂ ಆಯಿತು. ಬೋರ್ಡು ಹಾಕಿದರೆ ಸಾಕಾ?

ಅಮೆರಿಕದ ಅರಣ್ಯ ಇಲಾಖೆಯಲ್ಲಿ ಇದಕ್ಕೊಂದು ಪದ್ಧತಿ ಇದೆ. ದೊಡ್ಡ ಬೆಂಕಿ ಪೂರ್ತಿ ಆರುವ ಮೊದಲೇ ಮಣ್ಣು, ನೀರು ಬಲ್ಲವರ ತಂಡ ಹೋಗಿ ಎಲ್ಲಿ ಕೊಚ್ಚಿ ಹೋಗಬಹುದು ಅಂತ ಗುರುತು ಹಾಕುತ್ತದೆ, ತುರ್ತು ಕೆಲಸಕ್ಕೆ ದುಡ್ಡು ಕೇಳುತ್ತದೆ. ಅವರ ಕಾಡು ಬೇರೆ, ಖಜಾನೆನೂ ಬೇರೆ. ಆದರೂ ಈ ಕ್ರಮ ನಮಗೆ ಹೊಂದುತ್ತದೆ. ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟುವುದಕ್ಕೆ ತಜ್ಞರು ದಿಲ್ಲಿಯಿಂದ ಬರಬೇಕಿಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ ಕೈ ಪಳಗಿದವರು ಊರೂರಲ್ಲಿ ಇದ್ದಾರೆ.

ನಮ್ಮಲ್ಲಿ ಚೇತರಿಕೆ ಅಂದ್ರೆ ಸಸಿ ನೆಡೋದು. ಜೂನ್ 5ಕ್ಕೆ ಫೋಟೊ ಚೆನ್ನಾಗಿ ಬರುತ್ತದೆ, ಗುಂಡಿ ಎಣಿಸಿ ಬಿಲ್ ಮಾಡುವುದೂ ಸಲೀಸು. ಆದರೆ ಇದು ಬಹುಪಾಲು ಹುಲ್ಲು, ಕುರುಚಲು ಗಿಡದ ಗುಡ್ಡ. ಮಣ್ಣು ಉಳಿದರೆ ಹುಲ್ಲು ತಾನೇ ಚಿಗುರುತ್ತದೆ. ಚಿಗುರಿದ ಮೇಲೆ ಕುರಿ ಬಾಯಿಂದ ಒಂದು ಮಳೆಗಾಲ ಕಾಯಬೇಕು. ಹಾಗಂತ ಕುರಿಗಾಹಿಗೆ ಸುಮ್ನೆ 'ಬರಬೇಡ' ಅಂದರೆ ಆಗುತ್ತಾ? ಹಗಲು ತಡೆದರೆ ರಾತ್ರಿ ಬಿಡುತ್ತಾನೆ. ಅವನ ಜಾಗದಲ್ಲಿದ್ದರೆ ನಾನೂ ಬಿಡುತ್ತಿದ್ದೆ. ಆ ಅನುದಾನದಲ್ಲೇ ಮೇವಿಗೂ ಪಾಲಿರಬೇಕು.

ಮಾರ್ಚ್ 31ಕ್ಕೆ ವಾಪಸ್ ಹೋಗದ ಒಂದಿಷ್ಟು ದುಡ್ಡನ್ನು ವಲಯ ಅರಣ್ಯಾಧಿಕಾರಿ ಕೈಯಲ್ಲಿ ಇಡಿ. ಎಲ್ಲಿ, ಎಷ್ಟು ಖರ್ಚಾಯಿತು ಅಂತ ಪಂಚಾಯಿತಿ ಗೋಡೆಗೆ ಹಚ್ಚಲಿ. ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಸ್ನೇಹಿತರೇ, ನಿಮ್ಮ ಶಾಸಕರಿಗೆ ಹೇಳಿ, ಇಲಾಖೆಗಳ ಕೆಲಸದ ಲೆಕ್ಕ ಕೇಳುವ ಮುಂದಿನ ಕೆಡಿಪಿ ಸಭೆಯಲ್ಲಿ ಇದನ್ನು ಎತ್ತಲಿ.