ಅಣ್ಣನ ಮನೆಯ ಕರಿ ಕಾಫಿ

ಇಂಗ್ಲೆಂಡಿನ ಲೀಡ್ಸಿನಿಂದ ಹೊರಟು, ಬೆಂಗಳೂರಲ್ಲಿ ಇಳಿದು, ರೈಲು ಹಿಡಿದು ತಿಪಟೂರು ಸೇರುವ ಹೊತ್ತಿಗೆ ನನಗೆ ಬೇಕಿದ್ದದ್ದು ಒಂದೇ. ಅತ್ತಿಗೆ ಕೈಯ ಕಾಫಿ. ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್, ಆಗ ತಾನೇ ಉಕ್ಕಿದ ಹಾಲು, ಮೇಲೆ ಕಂದು ನೊರೆ. ಹದಿನೆಂಟು ವರ್ಷದಿಂದ ಪ್ರತಿ ಸಲವೂ ಬ್ಯಾಗ್ ಕೆಳಗಿಡುವ ಮೊದಲೇ ಆ ಲೋಟ ಕೈಗೆ ಬರುತ್ತಿತ್ತು.

ಈ ಸಲವೂ ಬಂತು. ಒಳಗೆ ನೋಡಿದರೆ ಕಪ್ಪು. ಬೆಲ್ಲ ಹಾಕಿದ ಕರಿ ಕಾಫಿ.

"ಹಾಲು ಒಡೆದುಹೋಯ್ತಾ ಅತ್ತಿಗೆ?"

"ಹಾಲು ಬಿಟ್ಟು ಎಂಟು ತಿಂಗಳಾಯ್ತು. ಹಾಲಿಂದ ಕ್ಯಾನ್ಸರ್ ಬರುತ್ತಂತೆ. ಫಾರಿನ್ನಲ್ಲಿ ಇರೋರು, ನಿಮಗೆ ಇಷ್ಟೂ ಗೊತ್ತಿಲ್ವಾ?"

ಕಾಫಿಗಿಂತ ಆ ಕೊನೆಯ ಮಾತೇ ಕಹಿಯಾಯಿತು. ಎರಡು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ನಮ್ಮಿಬ್ಬರನ್ನೂ ಓದಿಸಿದ ಮನೆ ಅದು. ಹಸುಗಳು ಈಗಿಲ್ಲ, ಅದು ಬೇರೆ ಮಾತು. ಆದರೂ ಹಾಲಿಲ್ಲದ ಅಡುಗೆಮನೆ ಅಂದರೆ ಏನು?

ಅಣ್ಣ ಮೊಬೈಲ್ ತೆಗೆದು ತೋರಿಸಿದ. ಹಾಲಿನ ಕಲಬೆರಕೆ ತಡೆಯದಿದ್ದರೆ 2025ರ ಹೊತ್ತಿಗೆ ನೂರಕ್ಕೆ 87 ಭಾರತೀಯರಿಗೆ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆಯಂತೆ. ಈ ಸಂದೇಶ ನಿಮಗೂ ಬಂದಿರುತ್ತದೆ. ನಾವು ಅಂಥದ್ದೇನೂ ಹೇಳಿಲ್ಲ ಅಂತ ಆ ಸಂಸ್ಥೆಯೇ ಹೇಳಿದೆ, ಸರ್ಕಾರವೂ ಒಂದಕ್ಕಿಂತ ಹೆಚ್ಚು ಸಲ ಅದು ಸುಳ್ಳು ಅಂದಿದೆ. 2025 ಬಂದು ಹೋಗಿಯೂ ಆಯಿತು. ಸಂದೇಶ ಮಾತ್ರ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ.

ನಾನು ಹೋಗಿದ್ದದ್ದು ಚಿಕ್ಕಮ್ಮನ ವರ್ಷದ ಕಾರ್ಯಕ್ಕೆ. ಎರಡು ದಿನ ಕಳೆದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಹಾಲಿನ ಸುದ್ದಿ ಬಂದಾಗ ಮನೆಯಲ್ಲಿ ಎಲ್ಲರೂ ಬಾಯ್ತುಂಬ 'ಕ್ಯಾನ್ಸರ್' ಅನ್ನುತ್ತಾರೆ. ಚಿಕ್ಕಮ್ಮನ ಸುದ್ದಿ ಬಂದಾಗ ಮಾತ್ರ ಅದು 'ಆ ಕಾಯಿಲೆ'. ದನಿ ಇಳಿಯುತ್ತದೆ. ಮಕ್ಕಳನ್ನು ಹೊರಗೆ ಆಡಲು ಕಳಿಸುತ್ತಾರೆ. ಕಾಯಿಲೆಯ ಹೆಸರು ಬೇಡವೆಂದು 'ಕಿದ್ವಾಯಿಗೆ ಕರ್ಕೊಂಡು ಹೋಗಿದ್ರು' ಅಂತಷ್ಟೇ ಹೇಳಿ ಸುಮ್ಮನಾಗುವ ಊರು ನಮ್ಮದು.

ಲೀಡ್ಸಲ್ಲಿ ನನ್ನ ಪಕ್ಕದ ಮನೆಯ ಅಜ್ಜಿಗೆ ಎಪ್ಪತ್ತೆಂಟು. ಹೋದ ಬೇಸಿಗೆಯಲ್ಲಿ ಬೇಲಿಯ ಆಚೆ ಗುಲಾಬಿ ಗಿಡ ಕತ್ತರಿಸುತ್ತಾ, "ಎಡಗಡೆದು ತೆಗೆದು ಇವತ್ತಿಗೆ ಹನ್ನೊಂದು ವರ್ಷ" ಅಂದಳು. ನನಗೆ ಮೊದಲು ಅರ್ಥವಾಗಲಿಲ್ಲ. ಯಾವುದೋ ಕೊಂಬೆ ಇರಬೇಕು ಅಂದುಕೊಂಡೆ. ಅರ್ಥವಾದ ಮೇಲೆ ಎಲ್ಲಿ ನೋಡಬೇಕೋ ತಿಳಿಯದೆ ಗುಲಾಬಿಯನ್ನೇ ನೋಡಿದೆ. ಅವಳಿಗೆ ಏನೂ ಅನಿಸಲಿಲ್ಲ. ಕತ್ತರಿಯಿಂದ ಇನ್ನೊಂದು ಕೊಂಬೆ ಹಾರಿಸಿ, ಕರುಳಿನ ಪರೀಕ್ಷೆಯ ಕಾಗದ ನಿನಗೆ ಬಂತಾ ಅಂತ ಕೇಳಿದಳು.

ಆ ಕಾಗದ ಅಂದರೆ ಏನು ಅಂತ ಹೇಳಬೇಕು. ಇಂಗ್ಲೆಂಡಲ್ಲಿ 50ರಿಂದ 74 ವರ್ಷದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗೆ ಹೆಬ್ಬೆರಳಷ್ಟು ಉದ್ದದ ಪ್ಲಾಸ್ಟಿಕ್ ಸೀಸೆ, ಮುಚ್ಚಳಕ್ಕೆ ಅಂಟಿದ ಕಡ್ಡಿ. ಪಾಯಖಾನೆಯಲ್ಲಿ ಕೂತು, ಕಡ್ಡಿಗೆ ಒಂಚೂರು ತಾಗಿಸಿ, ಸೀಸೆಗೆ ಸೇರಿಸಿ, ಅಂಚೆಗೆ ಹಾಕಬೇಕು. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಅದರಲ್ಲಿ ಗೊತ್ತಾಗುತ್ತದೆ. ದುಡ್ಡಿಲ್ಲ ಕಾಸಿಲ್ಲ. ನಮ್ಮ ಆಫೀಸಿನ ಊಟದ ಮೇಜಲ್ಲಿ ಇದರ ಬಗ್ಗೆ ಜೋಕ್ ಹೊಡೆಯುತ್ತಾರೆ, ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದುಕೊಂಡೇ.

ಹಾಲಿನ ಬಗ್ಗೆಯೂ ಹಾಗೆಯೇ. ಇಲ್ಲಿಯವರು ಅದನ್ನು ಅಮೃತ ಅನ್ನಲೂ ಇಲ್ಲ, ವಿಷ ಅನ್ನಲೂ ಇಲ್ಲ. ಲೆಕ್ಕ ಹಾಕಿ ಕೂತಿದ್ದಾರೆ. ಆಕ್ಸ್‌ಫರ್ಡಿನವರು 5,42,778 ಹೆಂಗಸರ ಊಟ ತಿಂಡಿ ಬರೆದಿಟ್ಟುಕೊಂಡು, ಸರಾಸರಿ ಹದಿನಾರೂವರೆ ವರ್ಷ ಕಾದು ನೋಡಿದರು. ಅವರಲ್ಲಿ 12,251 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು. ದಿನಕ್ಕೆ 300 ಮಿಲಿಗ್ರಾಂ ಕ್ಯಾಲ್ಸಿಯಂ ಜಾಸ್ತಿ ಸೇರುವವರಲ್ಲಿ, ಅಂದರೆ ಸುಮಾರು ಒಂದು ದೊಡ್ಡ ಲೋಟ ಹಾಲಿನಷ್ಟು, ಈ ಕಾಯಿಲೆ ನೂರಕ್ಕೆ 17ರಷ್ಟು ಕಡಿಮೆ ಕಂಡಿತು. 2025ರ ಜನವರಿಯಲ್ಲಿ ಬಂದ ವರದಿ ಇದು. ಕ್ಯಾಲ್ಸಿಯಂ ಕರುಳಲ್ಲಿ ಪಿತ್ತದ ಆಮ್ಲವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ, ಒಳಪದರಕ್ಕೆ ಅದರ ಉರಿ ತಗಲುವುದು ತಪ್ಪುತ್ತದೆ ಅನ್ನುವುದು ಅವರ ಊಹೆ.

ಇದನ್ನು ಜಗಲಿಯಲ್ಲಿ ಕೂತು ಅಣ್ಣನಿಗೆ ಹೇಳಿದೆ. ಅವನು ಅಡಿಕೆ ಜಗಿಯುತ್ತಾ ಕೇಳಿದ.

"ಹಂಗಾದ್ರೆ ಹಾಲು ಕುಡಿದ್ರೆ ಕ್ಯಾನ್ಸರ್ ಬರಲ್ಲ ಅಂತೀಯಾ?"

"ಹಂಗಲ್ಲ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಬಂತು. ಆ ಇಬ್ಬರಲ್ಲಿ ನೂರಕ್ಕೆ ಹದಿನೇಳು ಕಡಿಮೆ."

"ಇಬ್ಬರಲ್ಲಿ ಹದಿನೇಳು ಹೆಂಗೆ ಕಳೀತೀಯೋ?"

ನಮ್ಮ ಕಷ್ಟ ಇಲ್ಲೇ ಇದೆ ಅನಿಸಿತು. ನಮಗೆ ಪೂರ್ತಿ ಬೇಕು. ಮನೆ ಒಕ್ಕಲಿಗೆ ಹಾಲು ಉಕ್ಕಲೇಬೇಕು, ಇಲ್ಲವೆಂದರೆ ಹಾಲಿನ ಪಾತ್ರೆಯನ್ನೇ ಅಟ್ಟಕ್ಕೆ ಹಾಕಬೇಕು. ನಡುವೆ ಏನೂ ಇಲ್ಲ. ಅದೇ ಆಕ್ಸ್‌ಫರ್ಡ್ ಲೆಕ್ಕದಲ್ಲಿ ದಿನಕ್ಕೊಂದು ದೊಡ್ಡ ಗ್ಲಾಸ್ ವೈನಿನಷ್ಟು ಮದ್ಯ ಸೇರಿದರೆ ಕರುಳಿನ ಕ್ಯಾನ್ಸರ್ ನೂರಕ್ಕೆ 15 ಜಾಸ್ತಿ ಅಂತಲೂ ಇದೆ. ಅಣ್ಣ ಸಂಜೆ ತೋಟದ ಮನೆಯಲ್ಲಿ ಏನು ತಗೊಳ್ತಾನೆ ಅಂತ ಊರಿಗೆಲ್ಲ ಗೊತ್ತು. ಬಾಯಲ್ಲಿ ಅಡಿಕೆ ಬೇರೆ. ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ನಿಜವಾಗಿಯೂ ಹೇಳಿದೆ. ಆ ಸಂದೇಶವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ನಮ್ಮ ಕಡೆ ಅಡಿಕೆಯ ಮೇಲೆ ಸಾಲ ಇರುತ್ತದಲ್ಲ.

ವರ್ಷದ ಕಾರ್ಯದ ದಿನ ಅತ್ತಿಗೆ ಎಡೆಗೆ ಶ್ಯಾವಿಗೆ ಪಾಯಸ ಮಾಡಿದಳು. ಚಿಕ್ಕಮ್ಮನಿಗೆ ಇಷ್ಟವಾದದ್ದು. ಅದಕ್ಕೆ ಅಂತ ನಂದಿನಿ ನೀಲಿ ಪ್ಯಾಕೆಟ್ ಅರ್ಧ ಲೀಟರ್ ತರಿಸಿದ್ದಳು. ಹೋದ ವರ್ಷ ಹಾಲುತುಪ್ಪಕ್ಕೂ ಹೀಗೆಯೇ ಚೊಂಬು ತುಂಬ ತಂದಿದ್ದರು, ನಾನು ವಿಡಿಯೋದಲ್ಲಿ ನೋಡಿದ್ದೆ. ಸತ್ತವರಿಗೆ ಹಾಲಿನಿಂದ ಏನೂ ಆಗುವುದಿಲ್ಲವಲ್ಲ. ಎಡೆ ಎತ್ತಿದ ಮೇಲೆ ಪಾಯಸವನ್ನು ನಾನೊಬ್ಬನೇ ಎರಡು ಸಲ ಹಾಕಿಸಿಕೊಂಡೆ. ಸ್ವಲ್ಪ ಹಟಕ್ಕೆ.

ಅವತ್ತೇ ಸಂಜೆ ಅಣ್ಣನ ಮಗ ನನ್ನ ಹಟ ಇಳಿಸಿದ. ಎಂಎಸ್ಸಿ ಓದುತ್ತಿರುವ ಹುಡುಗ. "ಚಿಕ್ಕಪ್ಪ, ನಿಮ್ಮ ಆಕ್ಸ್‌ಫರ್ಡ್‌ನವರದ್ದೇ ಇನ್ನೊಂದಿದೆ" ಅಂತ ಮೊಬೈಲ್ ಮುಂದೆ ಹಿಡಿದ. ಅವರು ಚೀನಾದವರ ಜೊತೆ ಸೇರಿ ಅಲ್ಲಿಯ ಐದು ಲಕ್ಷ ಜನರನ್ನು ಗಮನಿಸಿ 2022ರಲ್ಲಿ ಹಾಕಿದ ಲೆಕ್ಕ. ಚೀನಾದಲ್ಲಿ ಬಹಳ ಜನ ಹಾಲು ಮುಟ್ಟುವುದೇ ಇಲ್ಲ. ಮುಟ್ಟುವವರಲ್ಲಿ ದಿನಕ್ಕೆ 50 ಗ್ರಾಂ ಹೆಚ್ಚಿದಂತೆಲ್ಲ ಲಿವರ್ ಕ್ಯಾನ್ಸರ್ ನೂರಕ್ಕೆ 12, ಹೆಂಗಸರ ಸ್ತನ ಕ್ಯಾನ್ಸರ್ ನೂರಕ್ಕೆ 17 ಜಾಸ್ತಿ ಕಂಡಿತು. ಅದೇ ಊರು, ಅದೇ ಹದಿನೇಳು, ದಿಕ್ಕು ಉಲ್ಟಾ.

ಹಾಲಿನಿಂದಲೇ ಬಂತು ಅಂತ ಅವರೂ ಹೇಳಿಲ್ಲ, ಜೊತೆಗೆ ಕಂಡಿತು ಅಂತಷ್ಟೇ ಅಂದೆ. ಹುಡುಗ ನಕ್ಕ. "ನಿಮ್ಮ ಲೆಕ್ಕಕ್ಕೂ ಅದೇ ಮಾತು ಅಲ್ವಾ ಚಿಕ್ಕಪ್ಪ?"

ಹೌದು. ಒಪ್ಪಲೇಬೇಕಾಯಿತು. ಇನ್ನೊಂದನ್ನೂ ಒಪ್ಪಬೇಕು. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್ ವಿಷಯದಲ್ಲಿ ಹಾಲಿನ ಹೆಸರು ಅಷ್ಟು ಚೆನ್ನಾಗಿಲ್ಲ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿಯಲ್ಲಿ ಕರುಳಿಗೆ ಹಾಲು ಒಳ್ಳೆಯದು ಅನ್ನುವುದಕ್ಕೆ 'ಬಹುಶಃ' ಅಂತಿದೆ, ಪ್ರಾಸ್ಟೇಟಿಗೆ ಕೆಟ್ಟದ್ದು ಅನ್ನುವುದಕ್ಕೆ ಸಾಕ್ಷಿ ಕಡಿಮೆ, ಆದರೆ ಸುಳಿವು ಇದೆ ಅಂತಿದೆ. ಲೀಡ್ಸಲ್ಲಿ ಇದನ್ನು ನಾನು ಯಾರಿಗೂ ಹೇಳಿಕೊಂಡು ತಿರುಗಿದವನಲ್ಲ.

ಊರವರು ಹೆದರುವುದರಲ್ಲೂ ಪೂರ್ತಿ ತಪ್ಪಿಲ್ಲ. ಹೆದರುವ ಜಾಗ ಮಾತ್ರ ಬೇರೆ. ಎಲ್ಲರೂ ಯೂರಿಯಾ, ಸೋಪಿನ ಪುಡಿ ಅಂತಾರೆ. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ ತುಂಬ ಹಾಲಿನ 6,432 ಮಾದರಿ ಪರೀಕ್ಷಿಸಿದಾಗ ಜೀವಕ್ಕೆ ತೊಂದರೆ ಮಾಡುವ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಆದರೆ 368ರಲ್ಲಿ ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿತ್ತು. ಕಡಲೆಕಾಯಿ ಹಿಂಡಿ, ಜೋಳ ಒದ್ದೆ ಜಾಗದಲ್ಲಿ ಕೂತು ಬೂಷ್ಟು ಹಿಡಿದರೆ ಹುಟ್ಟುವ ವಿಷದ ಮರಿ ಅದು. ಹಸುವಿನ ಹೊಟ್ಟೆ ಸೇರಿ ಹಾಲಲ್ಲಿ ಇಳಿಯುತ್ತದೆ. ಎಷ್ಟು ಸಲ ಉಕ್ಕಿಸಿದರೂ ಹೋಗುವುದಿಲ್ಲ. ಅಫ್ಲಟಾಕ್ಸಿನ್ನಿಂದ ಲಿವರ್ ಕ್ಯಾನ್ಸರ್ ಬರುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಹಾಲಲ್ಲಿ ಅದು ಎಷ್ಟಿರಬಹುದು ಅನ್ನುವುದಕ್ಕೆ ಯೂರೋಪಿನ ಮಿತಿ ನಮ್ಮದಕ್ಕಿಂತ ಹತ್ತು ಪಟ್ಟು ಬಿಗಿ. ನಾನು ಇಲ್ಲಿ ಹಸಿರು ಮುಚ್ಚಳದ ಬಾಟಲಿಯಿಂದ ಕಾಯಿಸದೆ ಗಟಗಟ ಕುಡಿದು, ಅಣ್ಣನ ಹೆದರಿಕೆಗೆ ನಗುವುದು ಸುಲಭ.

ಹೊರಡುವ ಹಿಂದಿನ ರಾತ್ರಿ ಅತ್ತಿಗೆ ಪಾತ್ರೆ ತೊಳೆಯುತ್ತಾ ಹೇಳಿದಳು. ಚಿಕ್ಕಮ್ಮನಿಗೆ ಗಂಟು ಕೈಗೆ ಸಿಕ್ಕಿದ್ದು ಯುಗಾದಿಯ ಎಣ್ಣೆ ಸ್ನಾನದಲ್ಲಂತೆ. ಅತ್ತಿಗೆಗೆ ತೋರಿಸಿದ್ದು ದೀಪಾವಳಿಗೆ. "ಯಾರಿಗೂ ಹೇಳಬೇಡ, ಹುಡುಗಿಗೆ ಸಂಬಂಧ ನೋಡ್ತಾ ಇದೀವಿ ಅಂದ್ರು. ನಾನೂ ಹೇಳಲಿಲ್ಲ. ಇನ್ನೂ ಒಂದು ತಿಂಗಳು." ನಲ್ಲಿ ನಿಲ್ಲಿಸಿದಳು. "ದಿನಾ ರಾತ್ರಿ ಅರಿಶಿನ ಹಾಕಿ ಹಾಲು ಕೊಡ್ತಿದ್ದೆ ಅವರಿಗೆ. ಅದೇ ಮಾಡಿದ್ದು ನಾನು."

ನೂರಕ್ಕೆ ಹದಿನೇಳರ ಲೆಕ್ಕ ನಾನು ಮತ್ತೆ ತೆಗೆಯಲಿಲ್ಲ.

ಬೆಳಿಗ್ಗೆ ಕಪ್ಪು ಕಾಫಿಯನ್ನೇ ಕುಡಿದು ಹೊರಟೆ. ಬೆಲ್ಲ ಹಾಕಿದರೆ ಅಷ್ಟೇನೂ ಕೆಟ್ಟದಾಗಿರುವುದಿಲ್ಲ.

ಲೀಡ್ಸಿಗೆ ಬಂದು ಹಾಲು ಇಡಲು ಫ್ರಿಜ್ ಹತ್ತಿರ ಹೋದರೆ, ಅದರ ಮೇಲೆ, ಆಯಸ್ಕಾಂತದಲ್ಲಿ ಸಿಕ್ಕಿಸಿದ ಬಿಲ್ಲುಗಳ ಹಿಂದೆ, ಆ ಲಕೋಟೆ. ನನ್ನ ಹೆಸರಿನದು. ನನಗೀಗ ಐವತ್ತೆರಡು. ಊರಿಗೆ ಹೊರಡುವ ಎರಡು ತಿಂಗಳ ಮೊದಲೇ ಬಂದಿತ್ತು. ಒಡೆದಿಲ್ಲ. ಮಗಳ ಸ್ನೇಹಿತರು ಮನೆಗೆ ಬಂದಾಗಲೆಲ್ಲ ನಾನೇ ಅದನ್ನು ಬಿಲ್ಲುಗಳ ಹಿಂದೆ ಸರಿಸಿ ಇಡುತ್ತಿದ್ದೆ.