ಕಸರತ್ತಿಗೂ ಆಫೀಸ್ ಟೈಮ್

ಜೂನ್ 21ರ ಯೋಗ ದಿನ ಮುಗಿಯಿತು. ಇನ್ನು ಮುಂದಿನ ಜೂನ್ 21ರ ತನಕ ದಾವಣಗೆರೆಯ ಗಣ್ಯರ ಬೆನ್ನುಮೂಳೆಗೆ ರಜೆ. 2015ರಿಂದ ನೋಡುತ್ತಲೇ ಇದ್ದೀವಲ್ಲ. ಬಿಳಿ ಟೀ ಶರ್ಟು, ಸಾಲು ಚಾಪೆ, ಬಗ್ಗಲಾಗದೆ ಕ್ಯಾಮೆರಾ ಕಡೆ ನಗುವ ಮುಂದಿನ ಸಾಲು, ಹಿಂದೆ ತಿಂಡಿ ತಿನ್ನದೆ ಬಂದ ಶಾಲೆ ಮಕ್ಕಳು. ಆಮೇಲೆ ಭಾಷಣ. ಎಷ್ಟೇ ಕೆಲಸ ಇರಲಿ, ಒಂದು ದಿನವೂ ತಪ್ಪಿಸದೆ ವ್ಯಾಯಾಮ ಮಾಡಬೇಕಂತೆ, ಶಿಸ್ತು ಬೆಳೆಸಿಕೊಳ್ಳಬೇಕಂತೆ. ಆರು ಗಂಟೆ ಕಾರ್ಯಕ್ರಮಕ್ಕೆ ಏಳೂವರೆಗೆ ಬಂದವರ ಬಾಯಲ್ಲಿ ಇದನ್ನು ಕೇಳುವುದೇ ಒಂದು ಪ್ರಾಣಾಯಾಮ.

ನಾನಂತೂ ಅವರ ಅಭಿಮಾನಿ. ಸುಮ್ನೆ ಹೇಳುತ್ತಿಲ್ಲ. ವರ್ಷಕ್ಕೆ ಒಂದೇ ದಿನ ಆದರೂ ಆ ಒಂದು ದಿನವನ್ನು ತಪ್ಪಿಸಿದ್ದಾರಾ? ಕೊರೊನಾ ವರ್ಷದಲ್ಲೂ ಮನೆಯ ಹಾಲ್‌ನಲ್ಲೇ ಮಾಡಿ ಫೋಟೊ ಹಾಕಿದರು. ನಿರಂತರತೆ ಅಂದರೆ ಇದು.

ನಮ್ಮಂಥವರ ಗತಿ ಬೇರೆ. ಬಡಾವಣೆಯ ಪಾರ್ಕಿನಲ್ಲಿ ಓಪನ್ ಜಿಮ್ ಇದೆ. ಹಳದಿ, ನೀಲಿ ಬಣ್ಣದ ಯಂತ್ರಗಳು. ಉದ್ಘಾಟನೆಗೆ ಬಂದವರು ಎರಡು ಸಲ ಎಳೆದು ಬಿಟ್ಟರು, ಚಪ್ಪಾಳೆ ಬಿತ್ತು. ಈಗ ಒಂದಕ್ಕೆ ಪೆಡಲ್ ಇಲ್ಲ. ಇನ್ನೊಂದರ ಮೇಲೆ ಯಾರದೋ ಟವೆಲ್ ಒಣಗುತ್ತಿರುತ್ತದೆ. ಉಳಿದದ್ದನ್ನಾದರೂ ಬಳಸೋಣ ಅಂದರೆ ಬೆಳಗ್ಗೆ ಎಂಟೂವರೆಗೆ ಗೇಟಿಗೆ ಬೀಗ, ಮತ್ತೆ ತೆಗೆಯುವುದು ಸಂಜೆ ನಾಲ್ಕಕ್ಕೆ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸು, ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಿ ಒಂಬತ್ತಕ್ಕೆ ಬಿಡುವಾದ ತಾಯಿ, ರಾತ್ರಿ ಹತ್ತಕ್ಕೆ ಅಂಗಡಿ ಶಟರ್ ಎಳೆಯುವ ಹುಡುಗ, ಇವರಿಗೆಲ್ಲ ಶಿಸ್ತಿಲ್ಲ ಅಂತ ತೀರ್ಮಾನ. ಶಿಸ್ತು ಇರುವುದು ಆ ಬೀಗಕ್ಕೆ ಮಾತ್ರ. ಮಳೆ ಇರಲಿ, ಹಬ್ಬ ಇರಲಿ, ಒಂದು ದಿನ ತಪ್ಪಿಲ್ಲ.

ಹೊತ್ತಿಗೆ ಸರಿಯಾಗಿ ಏಳುವ ಭಾಗ್ಯ ಇದ್ದವರು ಕುಂದುವಾಡ ಕೆರೆ ಏರಿ ಮೇಲೆ ನಡೆಯುತ್ತಾರೆ. ಚೆನ್ನಾಗಿದೆ, ಹಕ್ಕಿ ಇವೆ, ಗಾಳಿ ಇದೆ. ಸೈಟಿನ ರೇಟು, ಭತ್ತದ ರೇಟು, ಯಾರ ಮಗನಿಗೆ ಟಿಕೆಟ್ ಅನ್ನೋದೆಲ್ಲ ಅಲ್ಲೇ ಇತ್ಯರ್ಥ. ನಡಿಗೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಅಂತ ದಾವಣಗೆರೆಯವರಿಗೆ ಹೇಳಬೇಕಾ? ಹೆಂಚಿನ ಮೇಲೆ ಬೆಣ್ಣೆ ಚುಂಯ್ ಅನ್ನುವ ಹೊತ್ತಿಗೆ ಸುಟ್ಟ ಕ್ಯಾಲೊರಿಗಳೆಲ್ಲ ಸಾಲಾಗಿ ವಾಪಸ್ ಬಂದು ಬೆಂಚಿನ ಮೇಲೆ ಕೂರುತ್ತವೆ. ಇದರಲ್ಲೂ ಪಥ್ಯ ಮಾಡುವವರಿದ್ದಾರೆ. ಅವರು ಖಾಲಿ ದೋಸೆ ಹೇಳುತ್ತಾರೆ. ಖಾಲಿ ಅಂದರೆ ಬೆಣ್ಣೆಯೂ ಖಾಲಿ ಅಂತ ಅವರ ಮನಸ್ಸಿಗೆ ಸಮಾಧಾನ. ಮೇಲೆ ಗುಡ್ಡೆಯಾಗಿ ಕೂತ ಬೆಣ್ಣೆಗೆ ಈ ಸಿದ್ಧಾಂತ ಗೊತ್ತಿಲ್ಲ. ಸಂಜೆಗೆ ಮಂಡಕ್ಕಿ, ಮಿರ್ಚಿ. ಅದನ್ನು ಬಿಡಿ ಅಂತ ಹೇಳುವಷ್ಟು ಕೆಟ್ಟವನಲ್ಲ ನಾನು.

ತಮಾಷೆ ಏನಂದ್ರೆ, ವಿಜ್ಞಾನ ನಮ್ಮ ಭಾಷಣಕಾರರಷ್ಟು ನಿಷ್ಠುರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ. ಮೊದಲು ಒಂದು ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಅನ್ನುತ್ತಿತ್ತು. 2020ರಲ್ಲಿ ಅದನ್ನೂ ಕೈಬಿಟ್ಟಿತು. ಐದು ನಿಮಿಷ ಬಿರುಸಾಗಿ ನಡೆದರೂ ಲೆಕ್ಕಕ್ಕೆ ಬಂತು. 21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಲ್ಲ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಲೆಕ್ಕ ಹಾಕಿದಾಗ ಸಿಕ್ಕಿದ್ದು 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗುವುದಿಲ್ಲ ಅಂತಲೂ ಅವರೇ ಹೇಳಿದರು. ಇದನ್ನು ಯಾವ ಜಿಮ್ಮೂ ಬೋರ್ಡಿನ ಮೇಲೆ ಬರೆಸಲ್ಲ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿ, ಮೂರು ತಿಂಗಳು ಫ್ರೀ ಅನ್ನುವ ಆಫರ್ ನಿಂತಿರುವುದೇ ನಾವು ಫೆಬ್ರವರಿಯಲ್ಲಿ ನಾಪತ್ತೆ ಆಗುತ್ತೇವೆ ಅನ್ನೋ ಭರವಸೆ ಮೇಲೆ. ದುಡ್ಡು ಕಟ್ಟಿದವರೆಲ್ಲ ಒಂದೇ ದಿನ ಬಂದರೆ ಡಂಬೆಲ್ ಇಡುವುದಕ್ಕೂ ಜಾಗ ಇರಲ್ಲ.

ಕಸರತ್ತು ಈ ಊರಿಗೆ ಹೊಸದೇನಲ್ಲ. ಗರಡಿಮನೆಗಳ ಊರು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡಲು ಜನ ಮುಗಿಬೀಳುತ್ತಾರೆ. ಸ್ಮಾರ್ಟ್ ವಾಚ್ ಇಲ್ಲದೆ, ಪ್ರೋಟೀನ್ ಡಬ್ಬಿ ಇಲ್ಲದೆ ಬಸ್ಕಿ ಹೊಡೆದರು ಅಂತ ಹಳಬರನ್ನು ಹೊಗಳುತ್ತೇವೆ. ಸರಿ. ಅವರು ಗರಡಿಯಲ್ಲಿದ್ದಾಗ ಮನೆಯಲ್ಲಿ ನೀರು ತುಂಬುತ್ತಿದ್ದವರು ಯಾರು, ಅದನ್ನು ಯಾರೂ ಕೇಳಲ್ಲ.

ಈಗಲೂ ಅದೇ ಕಥೆ. 2022ರಲ್ಲಿ ನಮ್ಮ ದೇಶದ ದೊಡ್ಡವರಲ್ಲಿ ಸುಮಾರು ಅರ್ಧ ಜನಕ್ಕೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಅಂತ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಸೋಮಾರಿತನ ಅಂತೀರಾ? ನಲ್ಲಿ ಯಾವಾಗ ಬರುತ್ತೋ ಅಂತ ನಡುರಾತ್ರಿ ಎದ್ದು ಕೂತವಳು, ಬೆಳಗ್ಗೆ ನಾಲ್ಕು ಡಬ್ಬಿ ಕಟ್ಟಿದವಳು, ಮಲಗಿದ ಅತ್ತೆಯನ್ನು ಎತ್ತಿ ಕೂರಿಸಿ ಕೆಲಸಕ್ಕೆ ಓಡಿದವಳು ಸೋಮಾರಿನಾ? ಸಂಜೆ ವಾಕಿಂಗ್ ಹೋಗೋಣ ಅಂದರೆ ಫುಟ್‌ಪಾತ್ ಮೇಲೆ ಬೈಕು, ತಿರುವಿನಲ್ಲಿ ನಾಯಿ ಹಿಂಡು, ಕೆಟ್ಟುಹೋದ ಬೀದಿದೀಪದ ಕೆಳಗೆ ಪಡ್ಡೆಗಳ ಕಾಮೆಂಟು. ಅವಳಿಗೆ ಬಂದು ಶಿಸ್ತಿನ ಪಾಠ ಹೇಳುತ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?

ಚಾಪೆ, ಟೀ ಶರ್ಟು ನೀವೇ ಇಟ್ಟುಕೊಳ್ಳಿ. ಸಂಜೆ ಏಳಕ್ಕೆ ಅವಳು ಒಬ್ಬಳೇ ಅರ್ಧ ತಾಸು ನಡೆದು ಬರುವ ಹಾಗೆ ರಸ್ತೆಗೆ ದೀಪ ಹಾಕಿಸಿ. ನೀರು ಎಷ್ಟು ಗಂಟೆಗೆ ಬಿಡ್ತೀರಿ ಅಂತ ಹಿಂದಿನ ದಿನವೇ ಹೇಳಿ.