ಸದ್ದು ಮುಂದೆ, ಗಾಡಿ ಹಿಂದೆ

ಕೈಮರದ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿಯ ಕಡೆಗೆ ಏರು ಹಿಡಿದ ಸ್ವಲ್ಪ ಹೊತ್ತಿಗೆ ನನ್ನ ಹಳೆಯ ಸ್ಪ್ಲೆಂಡರಿನ ಎಂಜಿನ್ ಮೈಮೇಲೆ ದೇವರು ಬಂದಂತೆ ಕೂಗತೊಡಗಿತು. ಗಾಡಿ ಮಾತ್ರ ಆ ಆವೇಶದಲ್ಲಿ ತನಗೇನೂ ಪಾಲಿಲ್ಲವೆಂಬಂತೆ ನಿಧಾನವಾಯಿತು. ಆಕ್ಸಿಲರೇಟರ್ ತಿರುವಿದಷ್ಟೂ ಸದ್ದು ಏರಿತೇ ಹೊರತು ವೇಗ ಏರಲಿಲ್ಲ. ಹಿಂದೆ ಕುಳಿತಿದ್ದ ಹೆಂಡತಿ ಒಂದೆರಡು ತಿರುವುಗಳವರೆಗೆ ಸಹಿಸಿಕೊಂಡು, "ನಾನು ಇಳಿದು ನಡೀತೀನಿ, ನೀವು ನಿಧಾನಕ್ಕೆ ಬನ್ನಿ" ಎಂದು ಇಳಿದವಳು ನನಗಿಂತ ಮುಂದೆಯೇ ಹೋಗಿಬಿಟ್ಟಳು.

ಗಾಡಿಯನ್ನು ದೂರುವಂತಿರಲಿಲ್ಲ. ಅಪ್ಪ 1999ರಲ್ಲಿ ಕೊಂಡ, 97.2 ಸಿಸಿಯ ಆ ಪುಟ್ಟ ಎಂಜಿನ್ನಿಗೆ ಅವರ ಕಾಲದಲ್ಲಿ ಒಮ್ಮೆಯೂ ಇಂಥ ಅವಮಾನ ಆಗಿರಲಿಲ್ಲ. ತಪ್ಪು ಮಾಡಿದ್ದು ನನ್ನ ಪ್ರೀತಿ. ವಯಸ್ಸಾದ ಗಾಡಿಗೆ ಒಳ್ಳೆಯದನ್ನೇ ಹಾಕೋಣವೆಂದು, ಕಾರಿಗೆಂದು ತಂದಿಟ್ಟಿದ್ದ ದುಬಾರಿ ಎಣ್ಣೆಯನ್ನು ಒಂದು ತಿಂಗಳ ಹಿಂದೆ ನಾನೇ ಸುರಿದಿದ್ದೆ. ಚಿಕ್ಕಮಗಳೂರು ಪೇಟೆಯ ಸಮತಟ್ಟಾದ ರಸ್ತೆಗಳಲ್ಲಿ ಅದು ಗೊತ್ತಾಗಲಿಲ್ಲ. ಭಾರ ಹೊತ್ತು ಬೆಟ್ಟ ಏರುವಾಗಲೇ, ಎಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸುವ ಕ್ಲಚ್ಚಿನ ಹಿಡಿತ ಎಷ್ಟೆಂಬುದು ಬಯಲಾಗುವುದು.

ಕಾರಿನಲ್ಲಿ ಕ್ಲಚ್ ಎಂಜಿನ್ನಿನ ಎಣ್ಣೆಗೆ ಸೋಂಕದೆ ಒಣಗಿಯೇ ಇರುತ್ತದೆ. ಸ್ಪ್ಲೆಂಡರಿನಂಥ ಬೈಕಿನಲ್ಲಿ ಹಾಗಲ್ಲ: ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಪಾತ್ರೆಯ ಎಣ್ಣೆಯನ್ನು ಹಂಚಿಕೊಂಡು ಒಟ್ಟು ಕುಟುಂಬದಂತೆ ಬದುಕುತ್ತವೆ. ಪಿಸ್ಟನ್ನಿಗೂ ಗೇರಿನ ಹಲ್ಲಿಗೂ ಆ ಎಣ್ಣೆ ಜಾರಿಕೆ ಕೊಡಬೇಕು; ಕ್ಲಚ್ಚಿನಲ್ಲಿ ಮಾತ್ರ ಒಂದರ ಪಕ್ಕ ಒಂದು ಜೋಡಿಸಿದ, ಹಿಡಿತಕ್ಕೆಂದು ಒರಟು ಪದರ ಅಂಟಿಸಿದ ಲೈನಿಂಗ್ ಪ್ಲೇಟುಗಳೂ ಉಕ್ಕಿನ ಪ್ಲೇಟುಗಳೂ ಸ್ಪ್ರಿಂಗಿನ ಒತ್ತಡದಲ್ಲಿ, ಎಣ್ಣೆಯಲ್ಲಿ ಮುಳುಗಿದ್ದುಕೊಂಡೇ, ಒಂದನ್ನೊಂದು ಬಿಗಿಯಾಗಿ ಹಿಡಿಯಬೇಕು. ಇಂಧನ ಉಳಿಸಲೆಂದು ಕೆಲವು ಕಾರಿನ ಎಣ್ಣೆಗಳಿಗೆ ಬೆರೆಸುವ, ಘರ್ಷಣೆ ತಗ್ಗಿಸುವ ಮದ್ದುಗಳು ಈ ಹಿಡಿತವನ್ನೇ ಸಡಿಲಿಸುತ್ತವೆ. ನಾನು ಸುರಿದದ್ದು ಅಂಥದ್ದನ್ನೇ. ಚಿಕ್ಕಪ್ಪನ ಬಳಿ ಮೈಸೂರಿನಲ್ಲಿ ತಯಾರಾದ ಒಂದು ಯೆಜ್ಡಿ ಇತ್ತು. ಅದಕ್ಕೆ ಪೆಟ್ರೋಲಿನ ಜೊತೆ ಬೆರೆಸುವ ಎಣ್ಣೆಯೇ ಬೇರೆ, ಗೇರಿನ ಎಣ್ಣೆಯೇ ಬೇರೆ. ಆದ್ದರಿಂದ ಎಣ್ಣೆಯ ಬಗ್ಗೆ ಚಿಕ್ಕಪ್ಪ ಕೊಡುತ್ತಿದ್ದ ಉಪದೇಶವೊಂದೂ ನನ್ನ ಗಾಡಿಗೆ ಹೊಂದುತ್ತಿರಲಿಲ್ಲ. ಆದರೂ ಅವರು ಕೊಡುತ್ತಿದ್ದರು.

ಮರುದಿನ ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ನನ್ನ ಮಾತು ಪೂರ್ತಿ ಕೇಳದೆ ಎಡಗೈಯ ಲಿವರನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಕ್ಲಚ್ಚಿನ ಆ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರಿನಷ್ಟು ಆಟ, ಅಂದರೆ ಕೇಬಲ್ ಎಳೆಯುವ ಮೊದಲಿನ ಸಡಿಲ, ಇರಬೇಕು. ಕೇಬಲ್ ಬಿಗಿಯಾಗಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತೆಯೇ ಇದ್ದು, ಒಳಗೆ ಎಲ್ಲ ಸರಿಯಿದ್ದರೂ ಜಾರುತ್ತದೆ. ಈ ಒಂದು ಪರೀಕ್ಷೆ ಮಾಡದೆ ಎಂಜಿನ್ ಬಿಚ್ಚುವವರನ್ನು ನಂಬಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಆಟ ಸರಿಯಾಗಿತ್ತು. ಆಗ ಅವರು ಎಣ್ಣೆ ನೋಡುವ ಕಡ್ಡಿಯನ್ನು ತೆಗೆದು ಮೂಸಿ, "ಯಾವ ಆಯಿಲ್ ಹಾಕಿದ್ರಿ ಸಾರ್?" ಎಂದರು. ನಾನು ಹೆಸರು ಹೇಳಿದೆ. ಅವರು ಏನೂ ಅನ್ನಲಿಲ್ಲ, ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಎಣ್ಣೆ ಇಳಿಸಿ, ಬಲಬದಿಯ ಕವರ್ ಬಿಚ್ಚಿ, ನಾಲ್ಕು ಸ್ಪ್ರಿಂಗುಗಳ ಬೋಲ್ಟುಗಳನ್ನು ಒಂದೊಂದಾಗಿ ಅಲ್ಲದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಪ್ಲೇಟುಗಳನ್ನು ಹೊರತೆಗೆದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಲೈನಿಂಗಿನ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು. ಸವೆದು ನುಣುಪಾದ ಒರಳುಕಲ್ಲಿಗೆ ಉಳಿಯಿಂದ ಮತ್ತೆ ಕಚ್ಚು ಹಾಕಿಸಿದಂತೆ ಇದನ್ನೂ ಉಪ್ಪುಕಾಗದದಲ್ಲಿ ಉಜ್ಜಬಹುದಲ್ಲವೇ ಎಂದು ಕೇಳಿದೆ. ಉಜ್ಜಬಹುದು, ಆದರೆ ಎಷ್ಟು ದಿನ ಬಂದೀತೆಂದು ಹೇಳಲಾಗದು ಎಂಬುದು ಅವರ ಉತ್ತರ. ಉಕ್ಕಿನ ಪ್ಲೇಟೊಂದರಲ್ಲಿ ಕಾವಿಗೆ ನೀಲಿ ಕಲೆ ಬಿದ್ದಿತ್ತು. ಅದನ್ನು ಗಾಜಿನ ಹಲಗೆಯ ಮೇಲಿಟ್ಟು ಒತ್ತಿದಾಗ ಒಂದು ಅಂಚು ಸಣ್ಣಗೆ ಟಕಟಕ ಎಂದಿತು. ಸೊಟ್ಟಗಾಗಿದೆ ಎಂದು ಅದನ್ನು ಪಕ್ಕಕ್ಕೆ ಹಾಕಿದರು. ಹೊಸ ಪ್ಲೇಟು, ಹೊಸ ಸ್ಪ್ರಿಂಗು, ಹೊಸ ಪ್ಯಾಕಿಂಗ್ ತರಿಸಿದ್ದಾಯಿತು. ಒಣ ಪ್ಲೇಟನ್ನು ಹಾಗೆಯೇ ಕೂರಿಸಿದರೆ ಮೊದಲ ಏರಿನಲ್ಲೇ ಸುಟ್ಟುಕೊಳ್ಳಬಹುದೆಂದು, ಲೈನಿಂಗ್ ಪ್ಲೇಟುಗಳನ್ನು ಒಂದು ರಾತ್ರಿ, ಅವಲಕ್ಕಿ ನೆನೆಹಾಕಿದಂತೆ, ಹೊಸ ಎಣ್ಣೆಯಲ್ಲಿ ಮುಳುಗಿಸಿಟ್ಟರು.

ಆ ಹೊಸ ಎಣ್ಣೆಯನ್ನು ಆರಿಸಲು ನಾನು ಅಂಗಡಿಯಲ್ಲಿ ಅರ್ಧ ಗಂಟೆ ನಿಂತಿದ್ದೆ. ಡಬ್ಬಿಯ ಮುಂಭಾಗದ ಚಿನ್ನದ ಬಣ್ಣವನ್ನೂ ಸಿಂಹದಂತೆ ಹಾರುವ ಬೈಕಿನ ಚಿತ್ರವನ್ನೂ ಬಿಟ್ಟು, ಹಿಂಭಾಗದ ಇರುವೆ ಅಕ್ಷರಗಳನ್ನು ಓದುವುದೇ ನಿಜವಾದ ವ್ಯಾಪಾರವೆಂದು ಅಂದು ತಿಳಿಯಿತು. 10ಡಬ್ಲ್ಯೂ-30 ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆಂಬುದನ್ನೂ ಎರಡನೆಯದು ಕಾದ ಮೇಲೆ ಅದರ ಮಂದ ಎಷ್ಟೆಂಬುದನ್ನೂ ಹೇಳುತ್ತದೆ; ಕ್ಲಚ್ ಹಿಡಿಯುತ್ತದೆಯೋ ಇಲ್ಲವೋ ಎಂಬ ಮಾತು ಆ ಅಂಕಿಗಳಲ್ಲಿಲ್ಲ. ಅದಕ್ಕೆ ಜಪಾನಿನ ಜಾಸೋ ಮಾನಕದ ಗುರುತು ನೋಡಬೇಕು. ಎಂಎ ಎಂದಿದ್ದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಸಲ್ಲುತ್ತದೆ. 2006ರಿಂದ ಅದರಲ್ಲೇ ಎಂಎ1, ಎಂಎ2 ಎಂಬ ವಿಂಗಡಣೆಯೂ ಇದೆ. ಎಂಬಿ ಎಂದಿದ್ದರೆ ಗೇರಿಲ್ಲದ ಸ್ಕೂಟರಿನಂಥವಕ್ಕೆ. ಒಂದೇ ಕಂಪನಿಯ, ಒಂದೇ ಅಂಕಿಯ ಎರಡು ಡಬ್ಬಿಗಳು ಅಕ್ಕಪಕ್ಕ ನಿಂತು, ಈ ಒಂದು ಅಕ್ಷರದಲ್ಲಿ ಮಾತ್ರ ಬೇರೆಯಾಗಿರುವುದು ಉಂಟು. ಹಳೆಯ ಗಾಡಿಗೆ ದಪ್ಪ ಎಣ್ಣೆ ಹಾಕಿ ಎಂದು ಅಂಗಡಿಯವರು 20ಡಬ್ಲ್ಯೂ-50 ಮುಂದಿಟ್ಟರು. ನನ್ನ ಎಂಜಿನ್ ಹೊಗೆಯನ್ನೂ ಬಿಡುತ್ತಿರಲಿಲ್ಲ, ಎಣ್ಣೆಯನ್ನೂ ಕುಡಿಯುತ್ತಿರಲಿಲ್ಲ; ನಮ್ಮೂರಿನ ಡಿಸೆಂಬರ್ ಬೆಳಗಿನಲ್ಲಿ ಕಿಕ್ ಹೊಡೆಯಬೇಕಾದವನು ನಾನು, ಅವರಲ್ಲ. ಗಾಡಿಯ ಪುಸ್ತಕ ಹೇಳಿದ 10ಡಬ್ಲ್ಯೂ-30ಯನ್ನೇ, ಎಂಎ ಗುರುತು ನೋಡಿ, ಸಾಧಾರಣ ಬೆಲೆಯದನ್ನು ತಂದೆ. ಮೂಲೆಯಲ್ಲಿ ಉಳಿದ ಹಳೆಯದು ತೊಳೆದುಹೋಗಲೆಂದು ಐನೂರು ಕಿಲೋಮೀಟರಿಗೆ ಅದನ್ನೂ ಇಳಿಸಿ ಮತ್ತೆ ಹಾಕಿಸಿದ್ದಾಯಿತು.

ಕಳೆದ ವಾರ ಅದೇ ದಾರಿಯಲ್ಲಿ ಅತ್ತಿಗುಂಡಿಗೆ ಹೋದೆವು. ಹೆಂಡತಿ ಇಳಿಯಲಿಲ್ಲ, ಆದರೆ ಕಳೆದ ಸಲ ಇಳಿದ ತಿರುವು ಬಂದಾಗ ನನ್ನ ಭುಜ ಹಿಡಿದುಕೊಂಡಳು. ಡಬ್ಬಿಯಲ್ಲಿ ಮಿಕ್ಕಿದ್ದ ಕಾರಿನ ಎಣ್ಣೆಯಲ್ಲಿ ಸ್ವಲ್ಪವನ್ನು ಕಿರುಗುಟ್ಟುತ್ತಿದ್ದ ನಮ್ಮ ಮನೆಯ ಗೇಟಿನ ಕೀಲಿಗೆ ಬಿಟ್ಟಿದ್ದೇನೆ. ಬೆರಳು ತಾಗಿದರೆ ಸಾಕು, ಸದ್ದಿಲ್ಲದೆ ಜಾರುತ್ತದೆ. ನಾನು ರಾತ್ರಿ ಎಷ್ಟು ಹೊತ್ತಿಗೆ ಬಂದೆನೆಂಬುದು ಈಗ ಯಾರಿಗೂ ತಿಳಿಯುವುದಿಲ್ಲ.